ಅರ್ಥ ಆಮೇಲೆ ಕೇಳೋಣ: ನಾಲ್ಕು ಮಂದಿ ಕೂತು ಕವಿತೆ ಓದುವುದು ಹೇಗೆ

ನಾಲ್ಕು ಮಂದಿ ಸೇರಿ ಒಂದು ಕವಿತೆ ಓದಲು ಕೂತರೆ ಎರಡನೇ ನಿಮಿಷಕ್ಕೆ ಯಾರಾದರೂ ಕೇಳಿಯೇ ಬಿಡುತ್ತಾರೆ, "ಇದರ ಅರ್ಥ ಏನ್ರೀ?" ಅಂತ. ಅಲ್ಲಿಗೆ ಮುಗಿಯಿತು. ಗುಂಪಿನಲ್ಲಿ ಜಾಸ್ತಿ ಓದಿದವರು ಯಾರೋ ಅವರ ಕಡೆ ಎಲ್ಲರ ಮುಖ ತಿರುಗುತ್ತದೆ. ಅವರು ಗಂಟಲು ಸರಿ ಮಾಡಿಕೊಂಡು ಅರ್ಧ ಗಂಟೆ ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ, ಅಷ್ಟರಲ್ಲಿ ಚಹಾ ಬರುತ್ತದೆ. ಕವಿತೆ ಓದಿದ್ದು ಒಬ್ಬರೇ. ಉಳಿದವರದ್ದು ಭಾಷಣ ಕೇಳಿದ ಲೆಕ್ಕ.

ತಪ್ಪು ಯಾರದ್ದೂ ಅಲ್ಲ. ನಾವೆಲ್ಲ ಶಾಲೆಯಲ್ಲಿ "ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ" ಅನ್ನುವ ಪ್ರಶ್ನೆಗೆ ಉತ್ತರ ಬರೆದು ಬಂದವರು. ಆ ಸ್ವಾರಸ್ಯ ಏನು ಅಂತ ಗೈಡಿನಲ್ಲಿ ಮೊದಲೇ ಅಚ್ಚಾಗಿರುತ್ತಿತ್ತು, ನಮ್ಮ ಕೆಲಸ ಬಾಯಿಪಾಠ ಮಾಡುವುದು. ಹಾಗಾಗಿ ಕವಿತೆ ಅಂದರೆ ಒಳಗೆ ಒಂದು ಸರಿ ಉತ್ತರ ಇಟ್ಟುಕೊಂಡು ಕೂತಿರುವ ವಸ್ತು, ಅದು ಮೇಷ್ಟ್ರಿಗೆ ಮಾತ್ರ ಗೊತ್ತು, ಅನ್ನುವ ಭಾವನೆ ದೊಡ್ಡವರಾದ ಮೇಲೂ ಹೋಗುವುದಿಲ್ಲ.

ಕಲಬುರಗಿಯಲ್ಲಿ ನಾವು ಕೆಲವರು ಭಾನುವಾರ ಸಂಜೆ ಸೇರುತ್ತೇವೆ. ಬೇಸಿಗೆಯಲ್ಲಿ ಆರೂವರೆಗೆ ಮೊದಲು ಯಾರೂ ಹೊರಗೆ ಕಾಲಿಡುವುದಿಲ್ಲ, ಹಾಗಾಗಿ ಆಗ ಮಾಳಿಗೆ ಮೇಲೆ. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಇಬ್ಬರು ಶಾಲೆಯ ಅಕ್ಕೋರು, ಒಬ್ಬ ಟೇಲರ್, ಎಂಎ ಓದುವ ಹುಡುಗಿ, ತೊಗರಿ ಬೆಳೆಯುವ ಒಬ್ಬ ಕಾಕಾ. ಕಾಕಾ ಬರುವುದು ಕವಿತೆಗೋ ಮಿರ್ಚಿ ಭಜಿಗೋ ಅಂತ ಮೊದಮೊದಲು ಎಲ್ಲರಿಗೂ ಅನುಮಾನ ಇತ್ತು. ಈಗ ಇಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ಕಟ್ಟಳೆ ಒಂದೇ. ಅರ್ಥ ಕೊನೆಗೆ. ಮೊದಲು ಕಿವಿ.

ಹೇಗೆ ಅಂತ ತೋರಿಸಲು ಒಂದು ಕವಿತೆ ಬೇಕು. ನಮ್ಮ ಸೀಮೆಯದ್ದೇ ತೆಗೆದುಕೊಳ್ಳೋಣ. ಯಾದಗಿರಿ ಜಿಲ್ಲೆಯ ಮುದನೂರಿನ ದಾಸಿಮಯ್ಯನ ವಚನ, ಎಲ್ಲರಿಗೂ ಗೊತ್ತಿರುವುದೇ:

ಇಳೆ ನಿಮ್ಮ ದಾನ, ಬೆಳೆ ನಿಮ್ಮ ದಾನ,
ಸುಳಿದು ಬೀಸುವ ವಾಯು ನಿಮ್ಮ ದಾನ.
ನಿಮ್ಮ ದಾನವನುಂಡು ಅನ್ಯರ ಹೊಗಳುವ
ಕುನ್ನಿಗಳನೇನೆಂಬೆ, ರಾಮನಾಥ.

ಒಬ್ಬರು ಜೋರಾಗಿ ಓದುತ್ತಾರೆ. ಆಮೇಲೆ ಇನ್ನೊಬ್ಬರು ಓದುತ್ತಾರೆ. ಇಬ್ಬರೇ ಯಾಕೆ, ಸಮಯ ಇದ್ದರೆ ಎಲ್ಲರೂ ಓದಲಿ. ಎರಡು ಬಾಯಲ್ಲಿ ಒಂದೇ ಕವಿತೆ ಒಂದೇ ಥರ ಬರುವುದಿಲ್ಲ. ಒಬ್ಬರು "ವಾಯು" ಅಂತಾರೆ, ಇನ್ನೊಬ್ಬರು ರೂಢಿಯಲ್ಲಿ "ಗಾಳಿ" ಅಂದುಬಿಡುತ್ತಾರೆ. ವಚನಗಳು ಶತಮಾನಗಟ್ಟಲೆ ಬಾಯಲ್ಲಿ, ತಾಳೆಗರಿಯಲ್ಲಿ ಓಡಾಡಿ ಬಂದವು, ಪಾಠ ಅಲ್ಲಲ್ಲಿ ಬೇರೆಯಾಗುವುದು ಸಹಜ. ಅದಕ್ಕೆ ಜಗಳ ಬೇಡ. ಅವತ್ತಿನ ಮಟ್ಟಿಗೆ ಒಂದು ಪಾಠ ಇಟ್ಟುಕೊಂಡು ಎಲ್ಲರ ಕೈಗೂ ಅದೇ ಜೆರಾಕ್ಸ್ ಕೊಟ್ಟರೆ ಆಯಿತು.

ಓದಿದ ಮೇಲೆ ಒಂದೇ ಪ್ರಶ್ನೆ: ಕಿವಿಗೆ ಏನು ಬಿತ್ತು?

ಯಾರಾದರೂ "ದಾನ ದಾನ ದಾನ ಅಂತ ಬರ್ಲತ್ತದ" ಅಂತಾರೆ. ಸರಿ. ಇನ್ನೊಬ್ಬರು "ಇಳೆ, ಬೆಳೆ" ಅಂತಾರೆ. ಅದೂ ಸರಿ. ಹೀಗೆ ಒಬ್ಬೊಬ್ಬರ ಕಿವಿಗೆ ಬಿದ್ದದ್ದನ್ನು ಕೂಡಿಸಿದರೆ ಕವಿತೆಯ ಕಟ್ಟಡ ತಾನೇ ಕಾಣುತ್ತದೆ. ಇಳೆ, ಬೆಳೆ, ಸುಳಿ. ಮೂರರಲ್ಲೂ ಎರಡನೇ ಅಕ್ಷರ ಳ. ಹಳೆಗನ್ನಡ ಕಾವ್ಯದಲ್ಲಿ ಸಾಲುಗಳ ಎರಡನೇ ಅಕ್ಷರ ಒಂದೇ ಇರಬೇಕು ಅನ್ನುವ ಕಟ್ಟು ಇತ್ತು, ಆದಿಪ್ರಾಸ ಅನ್ನುತ್ತಾರೆ. ವಚನಕಾರರಿಗೆ ಆ ಕಟ್ಟು ಇರಲಿಲ್ಲ. ಆದರೂ ಈತನ ಕಿವಿಯಲ್ಲಿ ಅದು ಇದೆ, ನೋಡಿ.

ಇನ್ನು ಮಾತ್ರೆ. ಇದನ್ನು ಕೇಳಿದರೆ ಕೆಲವರು ಓಡಿಹೋಗುತ್ತಾರೆ, ಹತ್ತನೇ ಕ್ಲಾಸಿನ ಛಂದಸ್ಸು ನೆನಪಾಗಿ. ವಿಷಯ ಬಹಳ ಸಲೀಸು. ಹ್ರಸ್ವ ಅಕ್ಷರಕ್ಕೆ ಒಂದು ಎಣಿಕೆ, ದೀರ್ಘಕ್ಕೆ ಎರಡು. ಮುಂದೆ ಒತ್ತಕ್ಷರ ಬಂದರೆ ಹ್ರಸ್ವವೂ ಎರಡಾಗುತ್ತದೆ, ಪಕ್ಕದಲ್ಲಿ ಸೊನ್ನೆ ಇದ್ದರೂ ಎರಡು. ತೊಡೆ ಮೇಲೆ ತಟ್ಟುತ್ತಾ ಎಣಿಸಿ. "ಇಳೆ" ಎರಡು, "ನಿಮ್ಮ" ಮೂರು, "ದಾನ" ಮೂರು. ಒಟ್ಟು 8. "ಬೆಳೆ ನಿಮ್ಮ ದಾನ" ಅದೂ 8. ಈಗ ಮೂರನೆಯದು: "ಸುಳಿದು" ಮೂರು, "ಬೀಸುವ" ನಾಲ್ಕು, "ವಾಯು" ಮೂರು, "ನಿಮ್ಮ ದಾನ" ಆರು. ಒಟ್ಟು 16. ಸರಿಯಾಗಿ ದುಪ್ಪಟ್ಟು! ನೆಲಕ್ಕೆ 8, ಬೆಳೆಗೆ 8, ಗಾಳಿಗೆ 16. "ವಾಯು" ತೆಗೆದು "ಗಾಳಿ" ಹಾಕಿದರೂ ಲೆಕ್ಕ ಅಷ್ಟೇ, ಅದಕ್ಕೇ ಬಾಯಿ ಎರಡನ್ನೂ ಒಪ್ಪಿಕೊಂಡಿರಬೇಕು.

ಇದನ್ನು ಎಣಿಸಿದ ದಿನ ಟೇಲರ್ ಹೇಳಿದ ಮಾತು ನನಗೆ ಇವತ್ತಿಗೂ ಇಷ್ಟ: "ಗಾಳಿಗಿ ಜಾಗಾ ಬೇಕಲ್ರೀ." ಯಾವ ವಿಮರ್ಶೆಯೂ ಇದಕ್ಕಿಂತ ಚೊಕ್ಕವಾಗಿ ಹೇಳಲಾರದು. ನೆಲ ಇದ್ದಲ್ಲೇ ಇರುತ್ತದೆ, ಬೆಳೆಯೂ ಅಷ್ಟೇ, ಎರಡಕ್ಕೂ ಮಾತು ಚಿಕ್ಕದು. ಗಾಳಿ ಸುತ್ತಾಡುತ್ತದೆ, ಸಾಲೂ ಉದ್ದಕ್ಕೆ ಓಡುತ್ತದೆ.

ಆಮೇಲೆ ಏನಾಗುತ್ತದೆ ನೋಡಿ. "ನಿಮ್ಮ ದಾನವನುಂಡು" 10, "ಅನ್ಯರ ಹೊಗಳುವ" 8, "ಕುನ್ನಿಗಳನೇನೆಂಬೆ" 10. ಹಿಂದಿನ ಲೆಕ್ಕ ಮುರಿಯಿತು. ಮೊದಲ ಅರ್ಧದಲ್ಲಿ ಮೂರು ಸಲ "ದಾನ" ಅಂತ ನಿಂತು ಉಸಿರು ತೆಗೆದುಕೊಳ್ಳುತ್ತೀರಿ. ಎರಡನೇ ಅರ್ಧದಲ್ಲಿ ನಿಲ್ಲಲು ಜಾಗವೇ ಇಲ್ಲ, ಒಂದೇ ಉಸಿರಿನಲ್ಲಿ ಹೋಗಿ "ಕುನ್ನಿ" ಮೇಲೆ ಬೀಳಬೇಕು. ಸಮಾಧಾನದಲ್ಲಿ ಶುರುವಾದ ಸ್ತುತಿ ಬೈಗುಳಾಗಿ ಮುಗಿಯುತ್ತದೆ, ಅದೂ ಇಂಥ ಬೈಗುಳು. ಜೋರಾಗಿ ಓದದೇ ಇದ್ದರೆ ಈ ಸಿಟ್ಟು ಗೊತ್ತೇ ಆಗುವುದಿಲ್ಲ. ಕಣ್ಣಿನಲ್ಲಿ ಓದುವವನಿಗೆ ಇದು ಭಕ್ತಿ ವಚನ ಅಷ್ಟೇ.

ಒಂದು ಎಚ್ಚರಿಕೆ. ದಾಸಿಮಯ್ಯ ಬೆರಳು ಮಡಚಿ ಮಾತ್ರೆ ಎಣಿಸಿ ಬರೆದ ಅಂತ ನಾನು ಹೇಳುತ್ತಿಲ್ಲ. ಕಿವಿ ಚೆನ್ನಾಗಿದ್ದವರಿಗೆ ಎಣಿಸುವ ಕೆಲಸ ಇರುವುದಿಲ್ಲ. ಎಣಿಕೆ ನಮಗೆ ಬೇಕು, ನಮ್ಮ ಕಿವಿ ಮಂದ ಆಗಿರುವುದರಿಂದ.

ಕಲಬುರಗಿಯವರಿಗೆ ಇದೆಲ್ಲ ಹೊಸ ವಿದ್ಯೆ ಏನಲ್ಲ, ಮರೆತಿದ್ದೇವೆ ಅಷ್ಟೇ. ಬಂದೇ ನವಾಜ್ ದರ್ಗಾದ ಊರು ಇದು, ಮುಶಾಯಿರಾ, ಅಂದರೆ ಉರ್ದು ಕವಿಗೋಷ್ಠಿ, ನೋಡಿದವರು ನಮ್ಮಲ್ಲಿ ಬಹಳ ಮಂದಿ. ಅಲ್ಲಿ ಕೇಳುವವರು ಸುಮ್ನೆ ಕೂರುವುದಿಲ್ಲ. ಶಾಯರ್ ಮೊದಲ ಸಾಲು ಹೇಳುತ್ತಾನೆ, ಮತ್ತೆ ಅದನ್ನೇ ಹೇಳುತ್ತಾನೆ, ಜನ "ವಾಹ್" ಅನ್ನುತ್ತಾರೆ, ಕೆಲವರು ಸಾಲನ್ನು ತಾವೂ ಹೇಳಿಕೊಳ್ಳುತ್ತಾರೆ. ಎರಡನೇ ಸಾಲು ಬರುವ ಹೊತ್ತಿಗೆ ಕೊನೆಯ ಪದ ಏನಿರಬಹುದು ಅಂತ ಅರ್ಧ ಸಭೆಗೆ ಅಂದಾಜು ಸಿಕ್ಕಿರುತ್ತದೆ. ಇಷ್ಟವಾದರೆ "ಮುಕರ್ರರ್" ಅನ್ನುತ್ತಾರೆ, ಅಂದರೆ ಇನ್ನೊಮ್ಮೆ ಹೇಳು ಅಂತ. ಈ ಒಂದು ಪದ್ಧತಿಯನ್ನು ನಾವು ಹಾಗೇ ಎತ್ತಿಕೊಂಡಿದ್ದೇವೆ. ಯಾರೇ ಓದುತ್ತಿರಲಿ, ಯಾರು ಬೇಕಾದರೂ "ಆ ಸಾಲು ಇನ್ನೊಮ್ಮೆ" ಅನ್ನಬಹುದು. ಯಾಕೆ ಅಂತ ಕಾರಣ ಕೊಡಬೇಕಿಲ್ಲ.

ಸಭೆಗೆ ಆ ಅಂದಾಜು ಸಿಗಲು ಕಾರಣ ಅಲ್ಲಿ ಓದುವ ಗಜಲಿನ ಕಟ್ಟು. ಪ್ರತಿ ದ್ವಿಪದಿಯ ಕೊನೆಗೆ ಬದಲಾಗದೆ ಮರುಕಳಿಸುವ ಮಾತು ರದೀಫ್. ಅದರ ಹಿಂದೆ ಬಂದು ಪ್ರಾಸ ಕೂಡಿಸುವ, ಪ್ರತಿ ಸಲ ಬದಲಾಗುವ ಪದ ಕಾಫಿಯಾ. ಮೊದಲ ದ್ವಿಪದಿಯಲ್ಲಿ ಎರಡೂ ಸಾಲಿನಲ್ಲಿ ಇವು ಬರುತ್ತವೆ. ಈಗ ಮತ್ತೆ ದಾಸಿಮಯ್ಯನ ಹತ್ತಿರ ಹೋಗಿ. "ಇಳೆ ನಿಮ್ಮ ದಾನ, ಬೆಳೆ ನಿಮ್ಮ ದಾನ." ಇಳೆ, ಬೆಳೆ ಕಾಫಿಯಾ ಥರ, "ನಿಮ್ಮ ದಾನ" ರದೀಫ್ ಥರ. ಎರಡಕ್ಕೂ ಸಂಬಂಧ ಇದೆ ಅಂತ ಅಲ್ಲ, ದಾಸಿಮಯ್ಯ ಬಸವಣ್ಣನಿಗಿಂತ ಹಿಂದಿನವನು, ಉರ್ದು ಕಾವ್ಯ ಈ ನೆಲಕ್ಕೆ ಬಂದದ್ದು ಎಷ್ಟೋ ಕಾಲದ ಮೇಲೆ. ಆದರೆ ಒಂದು ಮಾತನ್ನು ಅಲುಗಾಡದಂತೆ ಇಟ್ಟು ಅದರ ಹಿಂದಿನ ಮಾತನ್ನು ಬದಲಿಸುತ್ತಾ ಹೋದರೆ ಕೇಳುವವನು ಮುಂದಿನದಕ್ಕೆ ಕಾಯುತ್ತಾನೆ ಅನ್ನುವುದು ಎರಡೂ ಕಡೆ ಗೊತ್ತಿತ್ತು. ಗಜಲ್ ಆ ಕಾಯುವಿಕೆಯನ್ನು ಪ್ರತಿ ಸಲ ತೀರಿಸುತ್ತದೆ. ದಾಸಿಮಯ್ಯ ಮೂರು ಸಲ ತೀರಿಸಿ, ನಾಲ್ಕನೇ ಸಲ "ನಿಮ್ಮ ದಾನ"ವನ್ನು ಸಾಲಿನ ಕೊನೆಯಿಂದ ಎತ್ತಿ ಮೊದಲಿಗೆ ತಂದು ಇಡುತ್ತಾನೆ. ಅಲ್ಲಿಂದಲೇ ದನಿ ಬದಲಾಗುವುದು.

ಭಜನೆಯೂ ಹಾಗೆಯೇ. ಕಲಬುರಗಿ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರ ತತ್ವಪದ, ಅವರ ಶಿಷ್ಯರಾದ ಚನ್ನೂರ ಜಲಾಲಸಾಬ್, ಖೈನೂರ ಕೃಷ್ಣಪ್ಪ ಇವರ ಪದಗಳನ್ನು ಹಳ್ಳಿಗಳಲ್ಲಿ ರಾತ್ರಿಯಿಡೀ ಹಾಡುತ್ತಾರೆ. ಒಬ್ಬರು ಒಂದು ನುಡಿ ಹೇಳುತ್ತಾರೆ, ಮೇಳ ಪಲ್ಲವಿ ಎತ್ತಿಕೊಳ್ಳುತ್ತದೆ. ಒಗಟಿನಂಥ ಪದ ಇರುತ್ತದೆ, ಮೊದಲ ಸಲ ಏನೂ ಹತ್ತುವುದಿಲ್ಲ. ಪಲ್ಲವಿ ಮತ್ತೆ ಮತ್ತೆ ತಿರುಗಿ ಬರುವಾಗ ಕೇಳುವವನಿಗೆ ಯೋಚಿಸಲು ಪುರುಸೊತ್ತು ಸಿಗುತ್ತದೆ. ಅಲ್ಲಿ ಯಾರೂ ನಡುವೆ ನಿಲ್ಲಿಸಿ ಅರ್ಥ ಕೇಳುವುದಿಲ್ಲ. ಪದ ಮುಗಿದು ತಾಳ ಕೆಳಗಿಟ್ಟ ಮೇಲೆ ಹಿರಿಯರು ಬಿಡಿಸಿ ಹೇಳಿದರೆ ಹೇಳಿದರು.

ಸರಿ, ಕಿವಿ ಕೆಲಸ ಮುಗಿಯಿತು. ಎರಡನೆಯದು ಪದ ಬಿಡಿಸುವುದು. ಇದು ಬೇಜಾರಿನ ಕೆಲಸ ಅಂತ ಅನ್ನಿಸಿದರೂ ಬಿಡಬೇಡಿ. "ದಾನವನುಂಡು" ಅಂದರೆ ದಾನವನ್ನು ಉಂಡು. "ಕುನ್ನಿಗಳನೇನೆಂಬೆ" ಅಂದರೆ ಕುನ್ನಿಗಳನ್ನು ಏನು ಎನ್ನಲಿ. ಆಮೇಲೆ ಇಡೀ ಕವಿತೆಯನ್ನು ಒಬ್ಬರು ದಿನದ ಮಾತಿನಲ್ಲಿ, ಅಲಂಕಾರ ಇಲ್ಲದೆ ಹೇಳಬೇಕು: ಭೂಮಿ ನೀವು ಕೊಟ್ಟಿದ್ದು, ಬೆಳೆ ನೀವು ಕೊಟ್ಟಿದ್ದು, ಗಾಳಿ ನೀವು ಕೊಟ್ಟಿದ್ದು, ನಿಮ್ಮದನ್ನು ತಿಂದು ಬೇರೆಯವರನ್ನು ಹೊಗಳುವ ಈ ನಾಯಿಗಳಿಗೆ ಏನು ಹೇಳಲಿ. ಇಷ್ಟೇ. ಇಷ್ಟು ಹೇಳಲು ಆಗದೇ ಇದ್ದರೆ ತತ್ವ, ದರ್ಶನ, ಅನುಭಾವ ಅಂತ ದೊಡ್ಡ ದೊಡ್ಡ ಮಾತು ಆಡುವುದರಲ್ಲಿ ಉಪಯೋಗ ಇಲ್ಲ. ನಿಜ ಹೇಳಬೇಕೆಂದರೆ ಕೂಟಗಳಲ್ಲಿ ಆಗುವ ವಾದಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಸಾಲನ್ನು ಸರಿಯಾಗಿ ಬಿಡಿಸದೇ ಇದ್ದದ್ದರಿಂದಲೇ ಹುಟ್ಟುತ್ತವೆ.

ಮೊಬೈಲು ಈ ಹಂತದಲ್ಲಿ ನಿಘಂಟು ನೋಡಲು ಮಾತ್ರ. "ಗೂಗಲ್ ಮಾಡಿ ಹೇಳ್ತೀನಿ ತಡೀರಿ" ಅನ್ನುವವರಿಗೆ ಭಜಿ ಬಂದ್.

ಮೂರನೆಯದು ಪ್ರಶ್ನೆ. ಇಲ್ಲಿ ಕೂಟದ ಬೆಲೆ ಗೊತ್ತಾಗುವುದು. ಒಬ್ಬರೇ ಓದುವಾಗ ನಮಗೆ ತೊಡಕು ಕಾಣುವುದು ನಮ್ಮ ಬದುಕಿಗೆ ತಾಗುವ ಕಡೆ ಮಾತ್ರ, ಉಳಿದ ಕಡೆ ಕಣ್ಣು ಜಾರಿಕೊಂಡು ಹೋಗುತ್ತದೆ. ಈ ವಚನ ಓದಿದ ದಿನ ಅಕ್ಕೋರು ಒಬ್ಬರು ಕೇಳಿದರು: ಅನ್ಯರು ಅಂದರೆ ಯಾರು? ಬೇರೆ ದೇವರುಗಳು ಅಂತ ಬ್ಯಾಂಕಿನವರು. ಅಲ್ಲ, ದುಡ್ಡಿದ್ದವರು, ರಾಜರು, ಅಧಿಕಾರ ಇರುವವರು ಅಂತ ಹುಡುಗಿ. ರಾಜನ ಅನ್ನ ಉಂಡು ರಾಜನನ್ನು ಹೊಗಳಿ ಬರೆಯುವ ಕವಿಗಳಿದ್ದ ಕಾಲ ಅದು, ಉಣ್ಣುವುದು ಹೊಗಳುವುದು ಎರಡೂ ಸಾಲಿನಲ್ಲಿ ಇದೆಯಲ್ಲ ಅಂತ ಅವಳ ವಾದ. ಅನ್ನ ಕೊಟ್ಟವನು ರಾಜ ಅಲ್ಲ, ಅಂದಮೇಲೆ ರಾಜನನ್ನು ಯಾಕೆ ಹೊಗಳುತ್ತೀಯ ಅಂತ ಕೇಳುವ ಹಾಗಿದೆ. ಬ್ಯಾಂಕಿನವರು "ರಾಮನಾಥ" ಅಂತ ಕರೆದು ಹೇಳುತ್ತಿದ್ದಾನಲ್ಲ, ಹಾಗಾಗಿ ದೇವರ ಎದುರಿಗೆ ದೇವರೇ ಇರಬೇಕು ಅಂದರು. ಎರಡಕ್ಕೂ ಕವಿತೆಯೊಳಗೆ ಆಧಾರ ಇದೆ. ನಾವು ತೀರ್ಪು ಕೊಡಲಿಲ್ಲ.

ಆಗ ಕಾಕಾ ಬಾಯಿ ಬಿಟ್ಟರು. "ಬೆಳಿ ದಾನ ಹ್ಯಾಂಗ ಆತದರೀ? ಬಿತ್ತಿದಾಂವ ನಾ, ಕಳಿ ತಗದಾಂವ ನಾ, ಸಾಲ ತಂದಾಂವ ನಾ."

ಎಲ್ಲರೂ ನಕ್ಕರು. "ಮಳಿ ಕೊಟ್ಟಾಂವ ಯಾರು ಕಾಕಾ?" ಅಂತ ಟೇಲರ್ ಕೇಳಿದ. "ಕೊಟ್ಟಿದ್ರ ಸಾಲ ಯಾಕ ಆಗ್ತಿತ್ತು?" ಅಂದರು ಕಾಕಾ. ನಗು ನಿಂತ ಮೇಲೆ ನೋಡಿದರೆ ಇದು ಸಣ್ಣ ಪ್ರಶ್ನೆಯಲ್ಲ. ವಚನ ಹೇಳುವ ಪಟ್ಟಿಯಲ್ಲಿ ನೆಲ ಇದೆ, ಗಾಳಿ ಇದೆ, ಇವೆರಡನ್ನೂ ಯಾರೂ ಮಾಡಿದ್ದಲ್ಲ. ನಡುವೆ ಇರುವ ಬೆಳೆ ಮಾತ್ರ ಮನುಷ್ಯ ಮೈ ಬಗ್ಗಿಸದೇ ಬರುವುದಿಲ್ಲ. ಆ ಮೂರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಮೂರನ್ನೂ ದಾನ ಅಂದಿದ್ದಾನೆ ಕವಿ. ಬೇಕಂತಲೇ ಮಾಡಿದ್ದಾನೆಯೇ? ನಾನು ದುಡಿದೆ ಅನ್ನುವ ಹಮ್ಮು ಕೂಡ ಬಿಡಬೇಕು ಅಂತಲೇ? ಹಾಗಿದ್ದರೆ ಕಾಕಾ ಅದನ್ನು ಒಪ್ಪಬೇಕಿಲ್ಲ, ಒಪ್ಪಲೂ ಇಲ್ಲ. ಕವಿತೆ ಏನು ಹೇಳುತ್ತಿದೆ ಅಂತ ತಿಳಿಯುವುದು ಬೇರೆ, ಅದು ಹೇಳಿದ್ದಕ್ಕೆ ಹೂಂ ಅನ್ನುವುದು ಬೇರೆ. ನಮ್ಮ ಕಡೆ ವಚನ ಅಂದ ಕೂಡಲೇ ಕೈ ಮುಗಿಯುವ ರೂಢಿ. ಕೈ ಮುಗಿದವರು ಪ್ರಶ್ನೆ ಕೇಳುವುದಿಲ್ಲ. ಕೂಟಕ್ಕೆ ಇದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿಲ್ಲ ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ಕವಿಯ ಜೀವನ, ಕಾಲ, ಪವಾಡ ಇವನ್ನೆಲ್ಲ ನಾವು ಕೊನೆಗೆ ಇಟ್ಟಿರುವುದು. ಮೊದಲೇ ಹೇಳಿದರೆ ಎಲ್ಲರೂ ಚಪ್ಪಲಿ ಬಿಟ್ಟು ಕೂರುತ್ತಾರೆ.

ಮಾತಾಡುವ ಸರದಿಯೂ ಮುಖ್ಯ. ವಯಸ್ಸಿನಲ್ಲಿ ಚಿಕ್ಕವರು ಮೊದಲು, ಹಿರಿಯರು ಕೊನೆಗೆ. ಹಿರಿಯರು ಒಂದು ಅರ್ಥ ಹೇಳಿಬಿಟ್ಟರೆ ಆಮೇಲೆ ಚಿಕ್ಕವರು ಬೇರೆ ಹೇಳುವುದಿಲ್ಲ, ಹೇಳಿದರೆ ಎದುರಾಡಿದ ಹಾಗೆ ಆಗುತ್ತದಲ್ವಾ.

ಹಾಗಂತ ಎಲ್ಲರು ಹೇಳಿದ್ದೂ ಸರಿ ಅನ್ನುವ ಮಾತು ನನಗೆ ಸೇರುವುದಿಲ್ಲ. "ನನಗೆ ಹಾಗೆ ಅನ್ನಿಸಿತು" ಅಂತ ಯಾರಾದರೂ ಅಂದರೆ ನಾವು ಕೇಳುವುದು "ಯಾವ ಸಾಲಿನಲ್ಲಿ?" ಅಂತ. ಸಾಲು ತೋರಿಸಿದರೆ ಕೂತು ಮಾತಾಡೋಣ. ತೋರಿಸಲು ಆಗದಿದ್ದರೆ ಅದು ನಿಮ್ಮ ಅನುಭವ, ಚೆನ್ನಾಗಿದೆ, ಆದರೆ ಕವಿತೆಯದ್ದಲ್ಲ. ಒಬ್ಬರು ಇದು ಪರಿಸರ ಉಳಿಸುವ ಬಗ್ಗೆ ಬರೆದ ವಚನ ಅಂದರು. ನೆಲ, ಬೆಳೆ, ಗಾಳಿ ಇರುವುದು ನಿಜ. ಆದರೆ ಉಳಿಸು ಅನ್ನುವ ಮಾತು ಎಲ್ಲೂ ಇಲ್ಲ, ಸಿಟ್ಟು ಇರುವುದು ಹೊಗಳುವವರ ಮೇಲೆ, ಹಾಳು ಮಾಡುವವರ ಮೇಲೆ ಅಲ್ಲ. ಅದನ್ನು ಬಿಟ್ಟೆವು.

ಈ ವಿಚಾರ ನಮ್ಮ ನೆಲದಲ್ಲಿ ಹಳೆಯದು. ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್ ದೂರ ಸೇಡಂ ತಾಲ್ಲೂಕಿನ ಮಳಖೇಡ ಇದೆ, ಕಾಗಿಣಾ ದಂಡೆಗೆ. ರಾಷ್ಟ್ರಕೂಟರ ಮಾನ್ಯಖೇಟ ಅದೇ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು ಕ್ರಿ.ಶ. 850ರ ಹೊತ್ತಿಗೆ ಶ್ರೀವಿಜಯ ಕವಿರಾಜಮಾರ್ಗ ಬರೆದ. ಅದರಲ್ಲಿ ಕನ್ನಡ ನಾಡಿನ ಜನರ ಬಗ್ಗೆ ಒಂದು ಪದ್ಯ ಇದೆ, "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್" ಅಂತ. ಶಾಸ್ತ್ರ ಓದದೇ ಇದ್ದರೂ ಕಾವ್ಯದಲ್ಲಿ ಪಳಗಿದ ಬುದ್ಧಿಯವರು ಅಂತ. ಈ ಸಾಲನ್ನು ವೇದಿಕೆ ಮೇಲೆ ಹೇಳಿ ಹೇಳಿ ಸವೆಸಿದ್ದಾರೆ. ಅದೇ ಪದ್ಯದ ಮೊದಲ ಭಾಗ ಅಷ್ಟು ಕೇಳಿಬರುವುದಿಲ್ಲ: "ಪದನರಿದು ನುಡಿಯಲುಂ ನುಡಿದುದನರಿದಾರಯಲುಂ". ಬಿಡಿಸಿದರೆ, ಹದ ತಿಳಿದು ಮಾತಾಡಲೂ, ಬೇರೆಯವರು ಆಡಿದ್ದನ್ನು ತಿಳಿದು ಆರಯ್ಯಲೂ, ಅಂದರೆ ವಿಚಾರ ಮಾಡಿ ನೋಡಲೂ ಬಲ್ಲವರು. ಕವಿತೆ ಕಟ್ಟುವುದು ಎಷ್ಟು ಜಾಣತನವೋ ಕೇಳಿ ತೂಗಿ ನೋಡುವುದೂ ಅಷ್ಟೇ ಜಾಣತನ ಅಂತ ಆ ಕಾಲಕ್ಕೇ ಹೇಳಿದ್ದಾನೆ. ಅದನ್ನು ಪಂಡಿತರ ಬಗ್ಗೆ ಹೇಳಲಿಲ್ಲ, ನಾಡವರ ಬಗ್ಗೆ ಹೇಳಿದ. ನಮ್ಮ ಕಾಕಾನ ಬಗ್ಗೆ ಅಂದರೂ ತಪ್ಪಿಲ್ಲ.

ಒಂದು ಕವಿತೆ ಚೆನ್ನಾಗಿ ಕೈಗೆ ಬಂದ ಮೇಲೆ ಅದರ ಪಕ್ಕದಲ್ಲಿ ಇನ್ನೊಂದು ಇಟ್ಟು ನೋಡಿ. ದಾಸಿಮಯ್ಯನದ್ದೇ ಇನ್ನೊಂದು:

ಮೊಲೆ ಮುಡಿ ಬಂದಡೆ ಹೆಣ್ಣೆಂಬರು,
ಗಡ್ಡ ಮೀಸೆ ಬಂದಡೆ ಗಂಡೆಂಬರು,
ನಡುವೆ ಸುಳಿವ ಆತ್ಮನು
ಹೆಣ್ಣೂ ಅಲ್ಲ ಗಂಡೂ ಅಲ್ಲ ಕಾಣಾ ರಾಮನಾಥ.

ಎರಡನ್ನೂ ಒಟ್ಟಿಗೆ ಓದಿದಾಗ ಎಂಎ ಹುಡುಗಿ ಹಿಡಿದದ್ದು ಇದು: ಅಲ್ಲಿ "ನಿಮ್ಮ ದಾನ" ಅಂತ ಬಹುವಚನ ಕೊಟ್ಟು ಮಾತಾಡಿದವನು ಇಲ್ಲಿ "ಕಾಣಾ" ಅಂತ ಏಕವಚನಕ್ಕೆ ಇಳಿದಿದ್ದಾನೆ. ದೇವರು ಅದೇ ರಾಮನಾಥ. ಅಲ್ಲಿ ಕೊಟ್ಟವನ ಮುಂದೆ ನಿಂತ ಮಾತು, ಇಲ್ಲಿ ಗೆಳೆಯನಿಗೆ ಹೇಳಿದ ಮಾತು. ಒಂದೇ ವಚನ ಓದಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಈ ಉಪಾಯವೂ ನಮ್ಮದಲ್ಲ. ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಶರಣರು ಕೂತು ಮಾತಾಡಿದರು ಅಂತ ನಮಗೆಲ್ಲ ಗೊತ್ತು. 15ನೇ ಶತಮಾನದಲ್ಲಿ ಶೂನ್ಯಸಂಪಾದನೆ ಅನ್ನುವ ಗ್ರಂಥ ಕಟ್ಟಿದವರು ಬೇರೆ ಬೇರೆ ಶರಣರ ಬಿಡಿ ವಚನಗಳನ್ನು ತಂದು, ಒಂದು ಇನ್ನೊಂದಕ್ಕೆ ಉತ್ತರ ಕೊಡುವ ಹಾಗೆ ಜೋಡಿಸಿದರು. ಅಲ್ಲಮ ಕೇಳುತ್ತಾನೆ, ಅಕ್ಕ ಉತ್ತರ ಕೊಡುತ್ತಾಳೆ. ಅಲ್ಲಿ ನಮಗೆ ಸಿಗುವುದು ಮುನ್ನೂರು ವರ್ಷದ ಆಮೇಲಿನ ಓದುಗರು ಆ ವಚನಗಳನ್ನು ಹೇಗೆ ಕೇಳಿಸಿಕೊಂಡರು ಅನ್ನುವುದು. ನಾವೂ ಒಂದು ಸಂಜೆ ಮೂರು ಕವಿತೆಗಳನ್ನು ಹೀಗೆ ಪ್ರಶ್ನೆ ಉತ್ತರದ ಥರ ಜೋಡಿಸಿ ನೋಡಿದರೆ ಮಜಾ ಇರುತ್ತದೆ, ಯಾವುದು ಮೊದಲು ಬರಬೇಕು ಅಂತಲೇ ಒಂದು ಗಂಟೆ ಹೋಗುತ್ತದೆ.

ಶುರು ಮಾಡುವವರಿಗೆ ಕೆಲವು ಮಾತು. ಆರೇಳು ಮಂದಿ ಸಾಕು, ಹತ್ತು ದಾಟಿದರೆ ಅದು ಸಭೆಯಾಗಿ ಯಾರೋ ಒಬ್ಬರು ಅಧ್ಯಕ್ಷತೆ ವಹಿಸಿಬಿಡುತ್ತಾರೆ. ಒಂದು ಸಂಜೆಗೆ ಒಂದೇ ಕವಿತೆ, ಹತ್ತಿಪ್ಪತ್ತು ಸಾಲಿನ ಒಳಗೆ. ಕೂಟದವರದ್ದೇ ಕವಿತೆ ಓದುವುದನ್ನು ಮೊದಮೊದಲು ಇಟ್ಟುಕೊಳ್ಳಬೇಡಿ, ಸ್ನೇಹ ಕೆಡುತ್ತದೆ. ಹೊಸಗನ್ನಡ ಕವಿತೆ ಆದರೆ ಪದ ಬಿಡಿಸುವ ಕೆಲಸ ಕಡಿಮೆ, ಆದರೆ ಅಲ್ಲಿ ಸಾಲು ಎಲ್ಲಿ ಮುರಿದಿದ್ದಾರೆ ಅಂತ ನೋಡಿ ಓದುವುದು ಜಾಸ್ತಿ ಕಷ್ಟ. ಅರ್ಥ ಸಿಗದೇ ಸಂಜೆ ಮುಗಿದರೆ ಮುಗಿಯಲಿ, ಮುಂದಿನ ವಾರ ಅದನ್ನೇ ಮತ್ತೆ ಓದಬಹುದು.

ದಿನ ಗೊತ್ತು ಮಾಡುವಾಗ ಮಾತ್ರ ಊರಿನ ಲೆಕ್ಕ ನೋಡಿಕೊಳ್ಳಿ. ಶ್ರಾವಣದಲ್ಲಿ ಅರ್ಧ ಮಂದಿ ಮಠಕ್ಕೆ ಪುರಾಣ ಕೇಳಲು ಹೋಗಿರುತ್ತಾರೆ. ತೊಗರಿ ರಾಶಿ ಶುರುವಾದರೆ ಕಾಕಾ ಒಂದು ತಿಂಗಳು ಸಿಗುವುದಿಲ್ಲ, ಅವರು ಇಲ್ಲದ ದಿನ ಎಲ್ಲರೂ ಎಲ್ಲದಕ್ಕೂ ಒಪ್ಪಿಬಿಡುತ್ತಾರೆ.